ಮುಳ್ಳಿಗೆ ಹೇಳು

ಮರಳನ್ನು ಜರಡಿ ಸೌಟಿನಲ್ಲಿ ಎತ್ತಿ ಎತ್ತಿ ಉಂಡೆಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ಮನೆಯೊಳಗೆ ಬೆಕ್ಕು ಸಾಕಿದವರಿಗೆ ಈ ಕೆಲಸ ಹೊಸದಲ್ಲ. ತಟ್ಟೆಯ ಮರಳು ಉಚ್ಚೆ ತಾಗಿದ ಕಡೆ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಅದನ್ನು ಎತ್ತಿ ಬಿಸಾಕಿದರೆ ಉಳಿದದ್ದು ಮತ್ತೆ ಬಳಕೆಗೆ ಬರುತ್ತದೆ. ಮೊದಲೆಲ್ಲ ನಿಂಬೆಹಣ್ಣಿನಷ್ಟಿರುತ್ತಿದ್ದ ಉಂಡೆಗಳು ಈಗ ಕಿತ್ತಳೆಯಷ್ಟಾಗಿದ್ದವು. ಎತ್ತುವಾಗ ಸೌಟಿನ ಹಿಡಿ ಬಾಗುತ್ತಿತ್ತು.

“ಏನೇ ಮುಳ್ಳಿ, ಯಾವ ಕೆರೆ ಖಾಲಿ ಮಾಡ್ಕೊಂಡು ಬಂದೆ?” ಎಂದೆ.

ಮುಳ್ಳಿ ನೀರಿನ ಬಟ್ಟಲಿನ ಮುಂದೆ ಕೂತಿದ್ದಳು. ಅಡುಗೆಮನೆಯಿಂದ ಅಕ್ಕನ ದನಿ ಬಂತು.

“ಮುಳ್ಳಿ, ಅವಳಿಗೆ ಹೇಳು, ಬೆಳಗಿನಿಂದ ಮೂರು ಸಲ ಆ ಬಟ್ಟಲಿಗೆ ನೀರು ತುಂಬಿದೀನಿ ಅಂತ.”

“ಮುಳ್ಳಿ, ಅವರಿಗೆ ಹೇಳು, ನಾನೂ ಎರಡು ಸಲ ತುಂಬಿದೀನಿ ಅಂತ.”

ಮುಳ್ಳಿ ಮಾತ್ರ ತಲೆ ಎತ್ತದೆ ಕುಡಿಯುತ್ತಲೇ ಇದ್ದಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ಓರಗಿತ್ತಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು ನಾವು. ಅಣ್ಣನೂ ಹೋದರು, ತಮ್ಮನೂ ಹೋದರು. ಪುಸ್ತಕದಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ, ನಾವಿಬ್ಬರು ಉಳಿದೆವು. ಅವರು ಬಟ್ಟೆ ಹೊಲಿಯುತ್ತಾರೆ, ನಾನು ಗುಂಡಿ, ಕಾಜ, ಅಂಚು ನೋಡಿಕೊಳ್ಳುತ್ತೇನೆ. ಜಗಳ ಆದದ್ದು ಕಿಟಕಿಯ ವಿಷಯಕ್ಕೆ. ಅವರಿಗೆ ಗಾಳಿ ಬೇಕು, ನನಗೆ ಗಾಳಿ ಬಿದ್ದರೆ ಕುತ್ತಿಗೆ ಹಿಡಿಯುತ್ತದೆ. ಒಂದು ದಿನ ನಾನು “ನಿಮ್ಮಿಷ್ಟ” ಎಂದೆ. ಆ ಮಾತನ್ನು ಹೇಳುವುದರಲ್ಲಿ ಹಲವು ಬಗೆ ಇವೆ, ನಾನು ಹೇಳಿದ ಬಗೆ ಒಳ್ಳೆಯದಾಗಿರಲಿಲ್ಲ. ಅವರು “ಇನ್ನು ನನ್ನ ಹತ್ರ ಮಾತಾಡ್ಬೇಡ” ಎಂದರು. ಹಿರಿಯರ ಮಾತು ಮೀರುವವಳಲ್ಲ ನಾನು. ಮಾತಾಡಲಿಲ್ಲ.

ಹಾಗೇ ಇದ್ದಿದ್ದರೆ ಏನಾಗುತ್ತಿತ್ತೋ. ಅಷ್ಟರಲ್ಲಿ ಎದುರು ಸಾಲಿನ ಗಡಿಯಾರದವರು ಅಂಗಡಿ ಮುಚ್ಚಿ ಬೇರೆ ಊರಿಗೆ, ತಂಗಿಯ ಮನೆಗೆ ಹೊರಟರು. ವಯಸ್ಸಾಗಿತ್ತು, ಕಿವಿ ಪೂರಾ ಹೋಗಿತ್ತು. ಗಡಿಯಾರ ನಡೆಯುತ್ತಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡುತ್ತಿದ್ದರು. ತಂಗಿಯ ಮನೆಯಲ್ಲಿ ಬೆಕ್ಕಿಗೆ ಜಾಗವಿರಲಿಲ್ಲ. “ನನಗೊಂದು ಬೇರೆ ಕೋಣೆ ಸಿಗೋವರೆಗೆ ನೋಡ್ಕೊಳ್ಳಮ್ಮ” ಎಂದು ಬುಟ್ಟಿಯನ್ನು ಅಕ್ಕನ ಕೈಗೆ ಕೊಟ್ಟು ಹೋದರು. ಗಡಿಯಾರದ ಮುಳ್ಳಿನ ಹಾಗೆ ಬಾಲ ಆಡಿಸುತ್ತಾಳೆಂದು ಅವಳಿಗೆ ಮುಳ್ಳಿ ಎಂದು ಹೆಸರಿಟ್ಟವರು ಅವರೇ.

ಮುಳ್ಳಿ ಬಂದ ಸಂಜೆಯೇ ಅಕ್ಕ ಅವಳಿಗೆ “ನೋಡು, ಕಿಟಕಿ ಮುಚ್ಚಿದೀನಿ, ಹೇಳು ಅವಳಿಗೆ” ಎಂದರು. ಅಲ್ಲಿಂದ ಶುರು. ಏನು ಅಡುಗೆ, ಯಾರ ಬಟ್ಟೆ ಕೊಟ್ಟಾಯಿತು, ನೀರಿನ ನಲ್ಲಿ ಯಾಕೆ ಸೋರುತ್ತಿದೆ, ಎಲ್ಲವೂ ಮುಳ್ಳಿಯ ಮೂಲಕ. ಬೈಗುಳವೂ ಅವಳ ಮೂಲಕವೇ. ಪಾಪ, ನಮ್ಮಿಬ್ಬರ ಪರವಾಗಿ ಅವಳು ಕೇಳಿಸಿಕೊಂಡ ಬೈಗುಳಕ್ಕೆ ಬೇರೆ ಬೆಕ್ಕಾದರೆ ಮನೆ ಬಿಟ್ಟು ಹೋಗುತ್ತಿತ್ತು.

ಗಡಿಯಾರದವರಿಗೆ ಫೋನು ಕೇಳಿಸದು. ಕಾರ್ಡು ಬರೆಯುತ್ತಿದ್ದರು. ಅಕ್ಕ ಓದು ಕಲಿತವರಲ್ಲ. ನಾನು ತಲೆ ನೆರೆತ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತವಳು. ಕಾರ್ಡು ಬಂದಾಗ ಮುಳ್ಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳಿಗೆ ಗಟ್ಟಿಯಾಗಿ ಓದುತ್ತಿದ್ದೆ, ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದರು. ಮೊದಲ ಕಾರ್ಡುಗಳಲ್ಲಿ ಮುಳ್ಳಿ ಹೇಗಿದ್ದಾಳೆ ಎಂದಷ್ಟೇ ಇತ್ತು. ಆಮೇಲೆ ಬಂದದ್ದರಲ್ಲಿ “ನನಗೆ ಹಿತ್ತಲ ಕಡೆ ಒಂದು ಕೋಣೆ ಸಿಕ್ಕಿದೆ. ನೀವು ಹೇಳಿದರೆ ಬಂದು ಕರೆದುಕೊಂಡು ಹೋಗುತ್ತೇನೆ” ಎಂದಿತ್ತು.

“ಅಷ್ಟೇನು ಅವಸರ ಅಂತ ಕೇಳು ಅವಳನ್ನ,” ಎಂದರು ಅಕ್ಕ, ಮುಳ್ಳಿಗೆ.

“ನನಗೇನೂ ಅವಸರ ಇಲ್ಲ ಅಂತ ಹೇಳು,” ಎಂದೆ ನಾನು, ಮುಳ್ಳಿಗೆ.

ಉತ್ತರ ಬರೆಯಲಿಲ್ಲ. ಅವರು ಕರೆಯದೆ ಬರುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮುಳ್ಳಿ ಹೋದರೆ ಮನೆಯಲ್ಲಿ ಮಾತೇ ಇರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದರೆ ಮುಳ್ಳಿಗೇ ಹೇಳಬೇಕಾಗಿತ್ತು.

ಉಂಡೆಗಳು ಕಿತ್ತಳೆಯಷ್ಟಾದ ಮೇಲೆ ಮತ್ತೂ ಒಂದು ಕಂಡಿತು. ತಿನ್ನುವುದು ಎರಡರಷ್ಟಾಗಿದ್ದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ನಡೆಯುವಾಗ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು, ಚಪ್ಪಲಿ ಎಳೆದುಕೊಂಡು ನಡೆಯುವ ಮುದುಕಿಯ ಹಾಗೆ. ಬೀದಿಯ ಕೊನೆಯಲ್ಲಿರುವ ಪಶುವೈದ್ಯರು ರಕ್ತ ನೋಡಿ, “ಸಕ್ಕರೆ ಕಾಯಿಲೆ ಇದ್ದ ಹಾಗಿದೆ. ಬೆಕ್ಕಿನ ಸಕ್ಕರೆ ಮನುಷ್ಯರ ಹಾಗಲ್ಲ, ಇದಕ್ಕೇ ಅಂತ ಓದಿದವರು ದೊಡ್ಡಾಸ್ಪತ್ರೆಲಿದ್ದಾರೆ. ಅಲ್ಲಿಗೆ ಕರ್ಕೊಂಡು ಹೋಗಿ” ಎಂದರು.

ಆ ಆಸ್ಪತ್ರೆಯಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ಅಂಗ. ಕಣ್ಣಿನದೊಂದು, ಹೃದಯದ್ದೊಂದು, ಮೂಳೆಯದೊಂದು, ಚರ್ಮದ್ದೊಂದು. ನಮ್ಮದು ಮೂಲೆಯ ಬಾಗಿಲು, ಒಳರೋಗ ಎಂದು ಬರೆದಿತ್ತು. ಕಾಯುವ ಜಾಗದಲ್ಲಿ ನಾಯಿಗಳಿಗೆ ಒಂದು ಕಡೆ, ಬೆಕ್ಕುಗಳಿಗೆ ಒಂದು ಕಡೆ, ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆಯ ಆಚೆ ಬಸ್ ಡ್ರೈವರ್ ಒಬ್ಬರು ಕೂತಿದ್ದರು. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು, ತೊಡೆಯ ಮೇಲೆ ಅಂಗೈಯಗಲದ ಬಿಳಿ ನಾಯಿ.

“ಇವಳಿಗೇನಾಗಿದೆ?” ಎಂದು ಅಕ್ಕ ಕೇಳಿದರು. ಬೇರೆಯವರ ಹತ್ತಿರ ಮಾತಾಡಲು ಅವರಿಗೆ ಯಾವ ಬೆಕ್ಕೂ ಬೇಡ.

“ಹೃದಯ ದೊಡ್ಡದಾಗಿದೆ ಅಂದ್ರು ಡಾಕ್ಟ್ರು. ನಾನು ಖುಷಿಯಾಗಿ, ಹೌದು ಸಾರ್, ಮೊದಲಿಂದಲೂ ಹಾಗೇ, ಇನ್ನೊಂದು ನಾಯಿ ಬಂದ್ರೆ ತನ್ನ ತಟ್ಟೆನೂ ಬಿಟ್ಕೊಡ್ತಾಳೆ ಅಂದೆ. ಅವರು ನನ್ನ ಮುಖ ನೋಡಿದ್ರು. ಅದು ಕಾಯಿಲೆಯಂತೆ ಕಣಮ್ಮ. ಮಲಗಿದಾಗ ಎಷ್ಟು ಸಲ ಉಸಿರಾಡ್ತಾಳೆ ಅಂತ ಎಣಿಸ್ಬೇಕು ದಿನಾ.”

“ಎಣಿಸ್ತೀರಾ?”

“ಎಣಿಸ್ತಾ ಎಣಿಸ್ತಾ ನಾನೇ ನಿದ್ದೆ ಹೋಗ್ತೀನಿ. ಹೆಂಡತಿ ಇಬ್ಬರದೂ ಎಣಿಸ್ತಾಳೆ.”

ನಮ್ಮ ಬಾಗಿಲು ತೆರೆಯಿತು. ಡಾಕ್ಟರಮ್ಮ ಮೇಜಿನ ಹಿಂದೆ ಕೂರಲಿಲ್ಲ. ನೆಲದ ಮೇಲೆ ಕೂತು ಬುಟ್ಟಿಯ ಬಾಗಿಲು ತೆರೆದಿಟ್ಟು, ಮುಳ್ಳಿ ತಾನಾಗಿ ಹೊರಗೆ ಬರುವವರೆಗೆ ಸುಮ್ಮನಿದ್ದರು. ಬಂದ ಮೇಲೆ ಅವಳ ನಡಿಗೆಯನ್ನೇ ನೋಡಿದರು.

“ಎಷ್ಟು ದಿನದಿಂದ ಹೀಗೆ ನಡೀತಾಳೆ?”

“ಮುಳ್ಳಿ, ಹೇಳು, ಬಟ್ಟೆ ಒಣಹಾಕೋ ಹಗ್ಗ ಕಿತ್ತುಹೋದ ವಾರದಿಂದ,” ಎಂದರು ಅಕ್ಕ.

“ಮುಳ್ಳಿ, ಹೇಳು, ಅದಕ್ಕೂ ಮುಂಚೆ. ಹಗ್ಗ ಕಿತ್ತಾಗ ಮೇಜು ಹತ್ತೋಕೇ ಆಗ್ತಿರಲಿಲ್ಲ ಅವಳಿಗೆ,” ಎಂದೆ ನಾನು.

ಡಾಕ್ಟರಮ್ಮ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು, ಕೊನೆಗೆ ಮುಳ್ಳಿಯನ್ನು ನೋಡಿದರು.

“ಅಮ್ಮ, ನೀವಿಬ್ಬರೂ ನನ್ನ ಹತ್ರ ಮಾತಾಡ್ತಿದ್ದೀರೋ, ಬೆಕ್ಕಿನ ಹತ್ರಾನೋ?”

“ನಮ್ಮನೇಲಿ ಹಾಗೇ,” ಎಂದರು ಅಕ್ಕ. ಡಾಕ್ಟರಮ್ಮ ಮತ್ತೆ ಕೇಳಲಿಲ್ಲ.

ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಹೆದರಿದರೇ ಸಾಕು, ಬೆಕ್ಕಿನ ಸಕ್ಕರೆ ಏರಿಬಿಡುತ್ತದಂತೆ. ಅದಕ್ಕೆ ಆ ಒಂದು ಹನಿಯನ್ನು ನಂಬದೆ, ಹಿಂದಿನ ಕೆಲವು ವಾರಗಳಲ್ಲಿ ಸಕ್ಕರೆ ಹೇಗಿತ್ತೆಂದು ತೋರಿಸುವ ಬೇರೆ ಪರೀಕ್ಷೆಯನ್ನೂ ಮಾಡಿಸಿದರು. ಎರಡೂ ಒಂದೇ ಹೇಳಿದವು. ಕಾಲಿನ ನರಗಳಿಗೆ ಪೆಟ್ಟು ಬಿದ್ದದ್ದೂ ಸಕ್ಕರೆಯಿಂದಲೇ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು ಸಂಜೆ ಒಂದು, ಊಟ ಮಾಡಿದ ಮೇಲೆ ಇನ್ಸುಲಿನ್ ಸೂಜಿ ಹಾಕಬೇಕು. ಊಟವನ್ನೂ ಬದಲಾಯಿಸಬೇಕು.

ಆಮೇಲೆ ಮುಳ್ಳಿಯ ಕುತ್ತಿಗೆಯ ಹಿಂದಿನ ಕೂದಲು ಸರಿಸಿ ನೋಡಿದರು. ಅಲ್ಲಿ ಹಳೆಯ ಕಲೆಗಳಿದ್ದವು.

“ಇವಳಿಗೆ ಕೆರೆತ ಇತ್ತಾ? ಅದಕ್ಕೆ ಯಾರಾದ್ರೂ ಇಂಜೆಕ್ಷನ್ ಹಾಕಿಸ್ತಿದ್ರಾ?”

ನಾವಿಬ್ಬರೂ ಮುಳ್ಳಿಯನ್ನು ನೋಡಿದೆವು. ನಮಗೆ ಗೊತ್ತಿರಲಿಲ್ಲ.

“ಮೊದಲು ಇವಳು ಗಡಿಯಾರದವರ ಹತ್ರ ಇದ್ದಳು,” ಎಂದೆ.

“ಅವರನ್ನ ಕೇಳಿ. ಕೆರೆತಕ್ಕೆ ಕೊಡೋ ಕೆಲವು ಇಂಜೆಕ್ಷನ್‌ಗಳು ಬೆಕ್ಕಿಗೆ ಸಕ್ಕರೆ ತರಿಸ್ತವೆ. ಯಾವುದು, ಎಷ್ಟು ಸಲ, ಕೊನೇದು ಯಾವಾಗ, ಇಷ್ಟು ಗೊತ್ತಾದ್ರೆ ನನಗೆ ದಾರಿ ಕಾಣುತ್ತೆ. ಅದರಿಂದಲೇ ಬಂದಿದ್ರೆ ಇನ್ಸುಲಿನ್ ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸೋಕೂ ಸಾಧ್ಯ ಆಗಬಹುದು. ಗೊತ್ತಿಲ್ಲದೆ ಇದ್ರೆ ತಡಕಾಡ್ಕೊಂಡು ಹೋಗ್ಬೇಕು.”

ಬರೆದು ಕೇಳುತ್ತೇವೆ ಎಂದು ಅಕ್ಕ ಒಪ್ಪಿಕೊಂಡರು. ಮನೆಗೆ ಬಂದ ಮೇಲೆ ನಾನು ಕಾಗದ, ಪೆನ್ನು ತೆಗೆದು ಮೇಜಿನ ಮೇಲಿಟ್ಟೆ. ಬರೆಯಬೇಕಾದದ್ದು ಅಕ್ಕನ ಹೆಸರಿನಲ್ಲಿ. ಬೆಕ್ಕನ್ನು ಅವರ ಕೈಗೆ ಕೊಟ್ಟದ್ದು, ಕಾರ್ಡುಗಳೂ ಅವರ ಹೆಸರಿಗೇ ಬಂದದ್ದು.

“ಮುಳ್ಳಿ, ಏನು ಬರೀಬೇಕು ಅಂತ ಕೇಳು.”

ಅಕ್ಕ ತುಂಬ ಹೊತ್ತು ದಾರ ಪೋಣಿಸಿದರು.

“ಮುಳ್ಳಿ, ಹೇಳು ಅವಳಿಗೆ. ಕಾಯಿಲೆ ಅಂತ ತಿಳಿದ್ರೆ ಅವರು ಮಾರನೇ ದಿನವೇ ಬಂದು ಬುಟ್ಟಿ ಎತ್ಕೊಂಡು ಹೋಗ್ತಾರೆ. ಮೊದಲು ನಿನ್ನ ಮೈ ಸ್ವಲ್ಪ ತುಂಬಲಿ. ಆಮೇಲೆ ಬರೆಯೋಣ.”

ನಾನೂ ಕಾಗದವನ್ನು ಮಡಚಿ ಒಳಗಿಟ್ಟೆ. ನನಗೂ ಅದೇ ಬೇಕಾಗಿತ್ತು.

ಸೂಜಿಯ ಕೆಲಸವನ್ನು ಹಂಚಿಕೊಂಡೆವು. ಬೆಳಗಿನದು ಅಕ್ಕನದು, ಸಂಜೆಯದು ನನ್ನದು. ಜೀವಮಾನವೆಲ್ಲ ಸೂಜಿ ಹಿಡಿದವರು ಅಕ್ಕ. ಚರ್ಮವನ್ನು ಎರಡು ಬೆರಳಲ್ಲಿ ಡೇರೆಯ ಹಾಗೆ ಎತ್ತಿ, ಒಳಗಿಟ್ಟು, ತೆಗೆದದ್ದು ಮುಳ್ಳಿಗೂ ತಿಳಿಯುತ್ತಿರಲಿಲ್ಲ. ನನಗೆ ಮೊದಮೊದಲು ಸರಿಯಾಗಿ ಬರುತ್ತಿರಲಿಲ್ಲ. ಸೂಜಿ ಮುಳ್ಳಿಯ ಕೂದಲಿನಲ್ಲೇ ಖಾಲಿಯಾಗಿ ಅಂಗೈ ಒದ್ದೆಯಾದದ್ದೂ ಉಂಟು. “ಮುಳ್ಳಿ, ನಿನಗೆ ಔಷಧಿ ಹಾಕಿದ್ಲೋ, ಸೆಂಟು ಹಾಕಿದ್ಲೋ ಕೇಳು” ಎಂದು ಅಕ್ಕ ಕುಹಕವಾಡುತ್ತಿದ್ದರು. ಹಾಗೆ ದಂಡವಾದರೆ ಮತ್ತೆ ಹಾಕುವ ಹಾಗಿಲ್ಲ, ಮುಂದಿನ ಹೊತ್ತಿನವರೆಗೆ ಕಾಯಬೇಕು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕಡಿಮೆ ಬಿದ್ದರೆ ಒಂದು ಹೊತ್ತಿಗೆ ತೊಂದರೆಯಿಲ್ಲ, ಹೆಚ್ಚು ಬಿದ್ದರೆ ಜೀವಕ್ಕೇ ಅಪಾಯ ಎಂದಿದ್ದರು. ನೀರಿನ ಬಟ್ಟಲು ದಿನವೆಲ್ಲ ತುಂಬಿರತೊಡಗಿತು. ಉಂಡೆಗಳು ಸಣ್ಣವಾದವು.

ಮೈ ತುಂಬುತ್ತಿತ್ತು. ಪತ್ರದ ಮಾತನ್ನು ಯಾರೂ ಎತ್ತಲಿಲ್ಲ. ಪರೀಕ್ಷೆಗೆ ಹೋದಾಗಲೆಲ್ಲ ಡಾಕ್ಟರಮ್ಮ “ಗಡಿಯಾರದವರು ಏನಂದ್ರು?” ಎಂದು ಕೇಳುತ್ತಿದ್ದರು. ಅಕ್ಕ “ಬರೀತೀವಿ” ಎನ್ನುತ್ತಿದ್ದರು. ನಾನು ಬುಟ್ಟಿಯ ಬಾಗಿಲು ಸರಿಮಾಡುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಅಕ್ಕನ ಹೆಬ್ಬೆರಳು ಊದಿಕೊಂಡಿತು. ದಪ್ಪ ಕೋಟಿನ ಬಟ್ಟೆ ಕತ್ತರಿಸಿ ಕತ್ತರಿಸಿ ಆದದ್ದು.

“ಮುಳ್ಳಿ, ಈ ಬೆರಳು ನಾಳೆ ಬೆಳಿಗ್ಗೆ ಮಡಚೋಕೇ ಆಗಲ್ಲ ಅನ್ಸುತ್ತೆ. ಬೇರೆ ಯಾರಾದ್ರೂ ನಿನಗೆ ಸೂಜಿ ಹಾಕಿದ್ರೆ ಚೆನ್ನಾಗಿರ್ತಿತ್ತು,” ಎಂದರು. ಬೇರೆ ಯಾರಾದರೂ ಎಂದರೆ ನಾನು. ಮನೆಯಲ್ಲಿ ಮತ್ತೆ ಯಾರಿದ್ದಾರೆ?

ಬೆಳಿಗ್ಗೆ ನಾನು ಬ್ರೆಡ್ಡು, ಮೊಟ್ಟೆ ತರಲು ಹೋಗಿ ಬಂದೆ. ಮುಳ್ಳಿಯ ತಟ್ಟೆ ಖಾಲಿಯಾಗಿತ್ತು, ಅವಳು ಬಾಯಿ ನೆಕ್ಕುತ್ತ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದಳು. ಸ್ನಾನದ ಮನೆಯಲ್ಲಿ ನೀರು ಬೀಳುವ ಸದ್ದು. ಬಾಗಿಲಿಗೆ ಕೇಳುವ ಹಾಗೆ, “ಮುಳ್ಳಿ, ಅವರಿಗೆ ಹೇಳು, ಇವತ್ತಿನ ಸೂಜಿ ನಾನು ಹಾಕ್ತೀನಿ ಅಂತ” ಎಂದೆ.

ಒಳಗಿನಿಂದ ಅಕ್ಕ, “ಆಯ್ತು ಅಂತ ಹೇಳು ಅವಳಿಗೆ” ಎಂದರು.

ನಾನು ಫ್ರಿಜ್ಜಿನಿಂದ ಸೀಸೆ ತೆಗೆದೆ, ಗೆರೆ ನೋಡಿ ಎಳೆದೆ, ಹಾಕಿದೆ. ಅಂದು ಕೂದಲು ಒದ್ದೆಯಾಗಲಿಲ್ಲ. ಚೆನ್ನಾಗಿ ಹಾಕಿದೆ ಎಂದು ನನಗೇ ಸಮಾಧಾನವಾಯಿತು.

ಮಧ್ಯಾಹ್ನದ ಹೊತ್ತಿಗೆ ನಾನು ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದೆ. ಮುಳ್ಳಿ ಎದ್ದು ನಿಂತು, ಕುಡಿದವರ ಹಾಗೆ ಪಕ್ಕಕ್ಕೆ ವಾಲಿ, ಗೋಡೆಗೆ ಮೈಕೊಟ್ಟಳು. ಎರಡು ಹೆಜ್ಜೆ ಇಟ್ಟು ಕುಸಿದಳು. ಬಾಯಿಂದ ಜೊಲ್ಲು ಬರುತ್ತಿತ್ತು.

“ಮುಳ್ಳಿ,” ಎಂದರು ಅಕ್ಕ, “ಮುಳ್ಳಿ, ಅವಳಿಗೆ ಹೇಳು...”

ಮುಳ್ಳಿಯ ಕಣ್ಣು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅವಳಿಗೆ ಏನನ್ನು ಹೇಳಿದರೂ ಮುಟ್ಟುವ ಹಾಗಿರಲಿಲ್ಲ. ಅಕ್ಕ ತಲೆ ಎತ್ತಿ ನೇರವಾಗಿ ನನ್ನನ್ನು ನೋಡಿದರು.

“ಬೆಳಿಗ್ಗೆ ನೀನು ಸೂಜಿ ಹಾಕಿದ್ಯೇನೇ?”

“ಹಾಕಿದೆ. ನೀವೇ ಆಯ್ತು ಅಂದ್ರಲ್ಲ.”

“ಅಯ್ಯೋ ನಿನ್ನ! ಆಯ್ತು ಅಂದ್ರೆ ಆಯ್ತು! ನಾನು ಆಗಲೇ ಹಾಕಿ ಆಗಿತ್ತು!”

“ನಾನು ಒಪ್ಕೊಂಡ್ರಿ ಅಂತ ತಿಳ್ಕೊಂಡೆ! ಸರಿ, ಹಾಕು ಅಂತ ಅಂದ್ರಿ ಅಂತ!”

“ಸರಿ ಅನ್ನೋದಾಗಿದ್ರೆ ಸರಿ ಅಂತಿರಲಿಲ್ವಾ?”

“ಹಾಕಿದೆ ಅನ್ನೋದಾಗಿದ್ರೆ ಹಾಕಿದೆ ಅಂತಿರಲಿಲ್ವಾ? ಬೆರಳು ಮಡಚೋಕೆ ಆಗಲ್ಲ ಅಂದವರು ಯಾರು?”

“ಬೆಳಿಗ್ಗೆ ಮಡಚೋಕೆ ಬಂತು, ಹಾಕಿದೆ. ಈಗ ಬಾಯಿ ಮುಚ್ಚಿ ಫೋನ್ ಮಾಡು!”

ಫೋನಿನಲ್ಲಿ ಡಾಕ್ಟರಮ್ಮನ ದನಿ ಏರಲಿಲ್ಲ. ಜೇನುತುಪ್ಪವಿದ್ದರೆ ಬೆರಳಿಗೆ ಹಚ್ಚಿಕೊಂಡು ವಸಡಿಗೆ ಉಜ್ಜಿ, ಗಂಟಲಿಗೆ ಸುರಿಯಬೇಡಿ, ಉಜ್ಜುತ್ತಲೇ ಇಲ್ಲಿಗೆ ಬನ್ನಿ ಎಂದರು. ಅಕ್ಕ ಊದಿದ ಹೆಬ್ಬೆರಳಿಗೇ ಜೇನು ಹಚ್ಚಿಕೊಂಡರು. ಟ್ಯಾಕ್ಸಿಯಲ್ಲಿ ಮುಳ್ಳಿ ನನ್ನ ತೊಡೆಯ ಮೇಲೆ, ಅಕ್ಕನ ಕೈ ಅವಳ ಬಾಯಲ್ಲಿ.

“ತಲೆ ಎತ್ತಿ ಹಿಡಿ.”

“ಹಿಡಿದಿದೀನಿ.”

“ಅಷ್ಟು ಮೇಲೆ ಬೇಡ.”

“ನೀವು ಉಜ್ಜಿ ಸುಮ್ನೆ.”

ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ, “ಅಮ್ಮಂದಿರೇ, ಜಗಳ ಆಮೇಲೆ ಆಡಿ, ಜೇನು ಸೀಟಿಗೆ ಬೀಳ್ತಿದೆ” ಎಂದ.

ಒಳಗೆ ಕರೆದೊಯ್ದು ಮುಂಗಾಲಿನ ನರಕ್ಕೆ ಸಕ್ಕರೆ ನೀರು ಹತ್ತಿಸಿದರು. ನಮ್ಮನ್ನು ಹೊರಗೆ ಕೂರಿಸಿದರು. ಇಷ್ಟು ಕಾಲ ಬೆಕ್ಕಿನ ಮೂಲಕ ದಾಟಿ ಬಂದ ಮಾತಿನಲ್ಲಿ ಅರ್ಧಕ್ಕರ್ಧ ದಾರಿಯಲ್ಲೇ ಉಳಿದಿತ್ತೆಂದು ಕಾಣುತ್ತದೆ. ಕಿಟಕಿಯಿಂದ ಶುರುವಾಗಿ ನಲ್ಲಿ, ಕೋಟಿನ ಬಟ್ಟೆ, ನನ್ನ ಕುತ್ತಿಗೆ, ಅವರ ಹೆಬ್ಬೆರಳು, ಒಂದೂ ಬಿಡಲಿಲ್ಲ ನಾವು. ಕಾಯುವ ಜಾಗದಲ್ಲಿದ್ದವರೆಲ್ಲ ಕತ್ತು ತಿರುಗಿಸಿ ಕೂತಿದ್ದರು. ಗೋಡೆಯ ಆಚೆ ಅದೇ ಬಸ್ ಡ್ರೈವರ್.

“ನಿಮ್ಮಿಷ್ಟ ಅಂದಿದ್ದಕ್ಕೆ ಇಷ್ಟು ದಿನ ಮಾತು ಬಿಡೋರುಂಟಾ?” ಎಂದೆ ನಾನು.

“ಮಾತಾಡ್ಬೇಡ ಅಂದ್ರೆ ನಿಜವಾಗಿ ಮಾತಾಡದೇ ಇರೋರುಂಟಾ?” ಎಂದರು ಅಕ್ಕ. “ಮಾರನೇ ದಿನ ಚಹಾ ಮಾಡಿ ಎರಡು ಲೋಟ ಇಟ್ಟಿದ್ದೆ. ನೀನು ಬಂದು ಮಾತಾಡಿಸ್ತೀಯ ಅಂತ.”

“ಲೋಟ ಮಾತಾಡುತ್ತಾ? ನೀವು ಕರೀಬೇಕಿತ್ತು.”

“ಅಲ್ಲಮ್ಮ, ತಪ್ಪು ತಿಳ್ಕೋಬೇಡಿ,” ಎಂದರು ಡ್ರೈವರ್, ನಾಯಿಯ ಎದೆಯ ಮೇಲೆ ಕೈಯಿಟ್ಟುಕೊಂಡು. “ನೀವಿಬ್ಬರೂ ಸ್ವಲ್ಪ ಮೆಲ್ಲಗೆ ಜಗಳ ಆಡಿದ್ರೆ, ಇವಳ ಉಸಿರು ಎಣಿಸ್ಕೋತೀನಿ. ಎರಡು ಸಲ ತಪ್ಪಿಹೋಯ್ತು.”

ಅಕ್ಕನಿಗೆ ನಗು ಬಂತು. ನನಗೂ ಬಂತು, ಜೊತೆಗೆ ಅಳುವೂ ಬಂತು. ಅಕ್ಕ ಜೇನು ಅಂಟಿದ ಕೈಯಲ್ಲೇ ನನ್ನ ಬೆನ್ನು ತಟ್ಟಿದರು. ಆ ರವಿಕೆಯ ಕಲೆ ಎರಡು ಒಗೆತಕ್ಕೂ ಹೋಗಲಿಲ್ಲ.

ಡಾಕ್ಟರಮ್ಮ ಬಂದಾಗ ನಾವಿಬ್ಬರೂ ಎದ್ದು ನಿಂತೆವು. ಸಕ್ಕರೆ ಮೇಲೆ ಬರುತ್ತಿದೆ, ಕಣ್ಣು ಈಗ ಒಂದು ಕಡೆ ನಿಲ್ಲುತ್ತಿದೆ, ಆದರೆ ಔಷಧಿಯ ಜೋರು ಇಳಿಯುವವರೆಗೆ ಇಲ್ಲೇ ಇರಲಿ ಎಂದರು. ನಡೆದದ್ದನ್ನು ಕೇಳಿದರು. ಆಯ್ತು ಎಂಬ ಮಾತಿನ ಕಥೆಯನ್ನು ಅಕ್ಕ ಹೇಳಿದರು, ನಾನು ನಡುನಡುವೆ ತಿದ್ದಿದೆ. ಅವರು ಬೈಯಲಿಲ್ಲ.

“ಎರಡು ಸಲ ಸೂಜಿ ಬೀಳೋದು ನಾನು ಬೇಕಾದಷ್ಟು ನೋಡಿದೀನಿ. ಗಂಡ ಒಂದು, ಹೆಂಡತಿ ಒಂದು. ಇನ್ನು ಮನೇಲಿ ಆ ಮಾತು ಬೇಡ. ಹಾಕಿದೀನಿ ಅನ್ನಿ, ಇಲ್ಲಾ ಹಾಕಿಲ್ಲ ಅನ್ನಿ. ಮುಖ ನೋಡ್ಕೊಂಡು ಹೇಳಿ. ಅನುಮಾನ ಬಂದ್ರೆ ಹಾಕಲೇಬೇಡಿ.” ಆಮೇಲೆ ಕೇಳಿದರು. “ಇನ್ನೊಂದು ವಿಷಯ. ಸೂಜಿ ಎರಡಾಗಿದ್ದು ನಿಜ. ಆದ್ರೆ ಸಕ್ಕರೆ ಇಷ್ಟು ಕೆಳಗೆ ಇಳಿದಿದ್ದು ನೋಡಿದ್ರೆ, ಇವಳಿಗೆ ಇನ್ಸುಲಿನ್ ಬೇಕಾಗೋದೇ ಕಡಿಮೆ ಆಗ್ತಿರಬಹುದು ಅಂತ ನನ್ನ ಅನುಮಾನ. ಹಳೇ ಇಂಜೆಕ್ಷನ್‌ನ ಪ್ರಭಾವ ಇಳೀತಿದ್ರೆ ಹಾಗಾಗುತ್ತೆ. ಆ ಗಡಿಯಾರದವರಿಗೆ ಬರೆದ್ರಾ?”

ಅಕ್ಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ಇಲ್ಲ,” ಎಂದರು ಅಕ್ಕ. “ಬರೀತೀವಿ ಅಂದಿದ್ದು ಸುಳ್ಳು. ಬರೆದ್ರೆ ಅವರು ಬಂದು ಕರ್ಕೊಂಡು ಹೋಗ್ತಾರೆ ಅಂತ ಬರೀಲಿಲ್ಲ.”

“ಬರೀದೆ ಇದ್ರೆ ನಾನು ಹೀಗೇ ಕತ್ತಲಲ್ಲಿ ಗೆರೆ ಎಣಿಸ್ತಾ ಇರ್ತೀನಿ,” ಎಂದರು ಡಾಕ್ಟರಮ್ಮ. “ಮತ್ತೆ ಹೀಗಾಗಲ್ಲ ಅಂತ ಹೇಳೋಕಾಗಲ್ಲ ನನಗೆ.”

ಬುಟ್ಟಿಯನ್ನು ಅಲ್ಲೇ ಬಿಟ್ಟು ಬರಿಗೈಲಿ ಮನೆಗೆ ಬಂದೆವು. ಅಕ್ಕ ಒಲೆ ಹಚ್ಚಿ ಮೊಟ್ಟೆ ಬೇಯಿಸಲಿಟ್ಟರು. ನಾನು ಬ್ರೆಡ್ಡು ಕೊಯ್ದೆ. ಅಕ್ಕ ಅಭ್ಯಾಸಬಲದಿಂದ ಕಿಟಕಿಯ ಕಟ್ಟೆಯ ಕಡೆ ತಿರುಗಿ “ಹೇಳು ಅವಳಿಗೆ” ಎಂದು ಅಲ್ಲಿಗೇ ನಿಲ್ಲಿಸಿದರು. ಕಟ್ಟೆಯ ಮೇಲೆ ಕೂದಲಷ್ಟೇ ಇತ್ತು.

“ಏನು ಹೇಳ್ಬೇಕಿತ್ತು?” ಎಂದೆ.

“ಉಪ್ಪಿನ ಡಬ್ಬಿ ಕೊಡು ಅಂತ.”

ಕೊಟ್ಟೆ. ತಿಂದು ಮುಗಿಸುವವರೆಗೂ ಹೆಚ್ಚು ಮಾತಾಡಲಿಲ್ಲ. ಆದರೆ ಈ ಸುಮ್ಮನಿರುವಿಕೆ ಬೇರೆ ಬಗೆಯದು. ಯಾರಿಗೆ ಬೇಕಾದರೂ ಮುರಿಯಬಹುದಿತ್ತು. ತಟ್ಟೆ ತೊಳೆದಿಟ್ಟ ಮೇಲೆ ಅಕ್ಕನೇ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟು, ಎದುರಿನ ಕುರ್ಚಿ ಎಳೆದುಕೊಂಡು ಕೂತರು.

“ಬರಿ. ಮುಳ್ಳಿ ಚೆನ್ನಾಗಿದ್ದಾಳೆ.”

“ಆಸ್ಪತ್ರೆಲಿದ್ದಾಳೆ.”

“ಮೊದಲೇ ಹಾಗೆ ಬರೆದ್ರೆ ಅವರ ಎದೆ ಒಡೆದು ಹೋಗುತ್ತೆ.”

“ಚೆನ್ನಾಗಿದ್ದಾಳೆ ಅಂತ ಬರೆದು ಕೆಳಗೆ ಆಸ್ಪತ್ರೆ ಅಂತ ಬರೆದ್ರೆ ನಮ್ಮ ತಲೆ ಕೆಟ್ಟಿದೆ ಅಂತ ತಿಳ್ಕೋತಾರೆ.”

“ಹಾಗಿದ್ರೆ ಹೀಗೆ ಬರಿ. ಮುಳ್ಳಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ.”

ಬರೆದೆ. ಸಕ್ಕರೆ ಕಾಯಿಲೆಯ ವಿಷಯ ಬರೆದೆ. ಕೆರೆತಕ್ಕೆ ಯಾವ ಇಂಜೆಕ್ಷನ್ ಹಾಕಿಸುತ್ತಿದ್ದಿರಿ, ಎಷ್ಟು ಸಲ, ಕೊನೆಯದು ಯಾವಾಗ, ಸೀಸೆಯೋ ಚೀಟಿಯೋ ಉಳಿದಿದ್ದರೆ ಕಳಿಸಿ ಎಂದು ಬರೆದೆ. ಎರಡು ಸಲ ಸೂಜಿ ಬಿದ್ದದ್ದನ್ನು ಬರೆಯಬೇಕೋ ಬೇಡವೋ ಎಂದು ಚರ್ಚೆಯಾಯಿತು.

“ಬರಿ,” ಎಂದರು ಅಕ್ಕ. “ಬೆಕ್ಕು ಅವರದು. ತಿಳಿದಿರಲಿ.”

“ಯಾರು ಹಾಕಿದ್ದು ಅಂತ ಬರೀಲಿ?”

“ನಾವು ಅಂತ ಬರಿ.”

ಅಲ್ಲಿಗೆ ಮುಗಿಸಬಹುದಿತ್ತು. ನಾನು ಪೆನ್ನು ಎತ್ತಿ ಹಿಡಿದುಕೊಂಡು ಕಾದೆ. ಅಕ್ಕ ಮೇಜಿನ ಮೇಲಿನ ದಾರದ ತುಂಡುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಉಂಡೆ ಮಾಡಿದರು.

“ಅವರ ಕೋಣೆ ವಿಷಯಕ್ಕೂ ಉತ್ತರ ಬರೀಬೇಕು,” ಎಂದರು.

“ಬರೀಬೇಕು.”

“ನೀನೇನಂತೀಯ?”

ಅವರು ನನ್ನನ್ನು ಹಾಗೆ ಕೇಳಿ ಎಷ್ಟೋ ಕಾಲವಾಗಿತ್ತು. ನಿಮ್ಮಿಷ್ಟ ಎನ್ನಲು ಬಾಯಿ ತೆರೆದವಳು ನುಂಗಿಕೊಂಡೆ.

“ಬರಲಿ ಅಕ್ಕ. ಬಂದು ನೋಡಲಿ. ಕರ್ಕೊಂಡು ಹೋಗ್ತೀನಿ ಅಂದ್ರೆ ಸೂಜಿ ಹಾಕೋದನ್ನ ನೀವು ಕಲಿಸಿಕೊಡಿ. ಅವರದೂ ಸಣ್ಣ ಕೆಲಸ ಮಾಡಿದ ಕೈಯೇ. ನನಗಿಂತ ಬೇಗ ಕಲೀತಾರೆ.”

“ಹೋಗಿಬಿಟ್ರೆ?”

“ಹೋದ್ರೆ ಹೋಗ್ತಾಳೆ. ಸಂಕಟ ಆಗುತ್ತೆ. ನೀವಿದ್ದೀರಲ್ಲ ಮಾತಾಡೋಕೆ.”

“ನನ್ನ ಹತ್ರ ಏನು ಮಾತಾಡ್ತೀಯ ನೀನು?”

“ಬೈತೀನಿ.”

“ಹೂಂ. ಬರಿ ಹಾಗಿದ್ರೆ. ನಿಮ್ಮ ಕಾರ್ಡುಗಳೆಲ್ಲ ಬಂದಿವೆ, ಉತ್ತರ ಕೊಡದೇ ಇದ್ದದ್ದು ನಾವು. ಯಾವಾಗ ಬೇಕಾದ್ರೂ ಬನ್ನಿ.”

ಬರೆದು ಮೊದಲಿಂದ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು. ಕೆಳಗೆ ಅವರ ಹೆಸರು ಬರೆದೆ. “ನಿನ್ನ ಹೆಸರನ್ನೂ ಸೇರಿಸು” ಎಂದರು, ಸೇರಿಸಿದೆ. ಲಕೋಟೆಯ ಅಂಚಿಗೆ ನಾಲಿಗೆ ತಾಗಿಸಿ ಅಂಟಿಸಿ, ಅದು ಹಿಡಿಯುವವರೆಗೆ ಅಂಗೈ ಒತ್ತಿ ಕೂತರು.

ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಮುಳ್ಳಿ ತಾನಾಗಿ ತಿಂದಳು, ಮಧ್ಯಾಹ್ನ ಬಂದು ಕರೆದುಕೊಂಡು ಹೋಗಿ, ಇವತ್ತಿನಿಂದ ಸೂಜಿಯಲ್ಲಿ ಅರ್ಧದಷ್ಟೇ ಎಂದರು. ಅಕ್ಕ ಹೊರಗಿನ ಚಪ್ಪಲಿ ಮೆಟ್ಟಿಕೊಂಡರು, ನಾನು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೆ. ಅಂಚೆ ಡಬ್ಬಿ ಆಸ್ಪತ್ರೆಯ ದಾರಿಯಲ್ಲಿಲ್ಲ, ಎದುರು ದಿಕ್ಕಿನಲ್ಲಿದೆ. ಮೊದಲು ಅಲ್ಲಿಗೇ ಹೋದೆವು. ಗಡಿಯಾರದ ಅಂಗಡಿಯಿದ್ದ ಜಾಗದಲ್ಲಿ ಈಗ ಕೀಲಿಕೈ ಮಾಡಿಕೊಡುವವನು ಕೂತಿದ್ದಾನೆ. ಅವನ ಮುಂದಿನಿಂದ ಹಾದು ರಸ್ತೆ ದಾಟಿದೆವು.

ಡಬ್ಬಿಯ ಬಾಯಿ ಎತ್ತರದಲ್ಲಿದೆ, ಅಕ್ಕ ಕುಳ್ಳು. ಲಕೋಟೆಯನ್ನು ನನಗೆ ಕೊಡುತ್ತಾರೆಂದು ಕೈಯೊಡ್ಡಿದೆ. ಕೊಡಲಿಲ್ಲ. ಒಂದು ಕೈಯಿಂದ ನನ್ನ ಭುಜ ಹಿಡಿದು, ತುದಿಗಾಲಲ್ಲಿ ನಿಂತು, ಪತ್ರವನ್ನು ತಾವೇ ಒಳಗೆ ಹಾಕಿದರು.